ಅಲ್ಲಾಡಿಸಿ ನೋಡಿ ಕೊಂಡ ಮೋಟಾರ್ ಸೈಕಲ್

ಎಂಬತ್ತರ ದಶಕದ ಮಾತು. ಕೊಬ್ಬರಿ ವಿಷಯದಲ್ಲಿ ನನ್ನ ಕಿವಿಗೆ ತಿಪಟೂರಿನಲ್ಲಿ ಒಂದು ಮರ್ಯಾದೆಯಿತ್ತು. ಅಟ್ಟದ ಮೇಲೆ ವರ್ಷ ಕಳೆದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದೆ. ಒಳಗೆ ಲೊಡಲೊಡ ಅಂದರೆ ನೀರು ಹಿಂಗಿ ಕೊಬ್ಬರಿ ಚಿಪ್ಪು ಬಿಟ್ಟಿದೆ, ಸರಕು ಚೆನ್ನಾಗಿದೆ ಎಂದರ್ಥ. ಸದ್ದಿಲ್ಲವೋ, ವಾಪಸ್ ಅಟ್ಟಕ್ಕೆ! ಇಷ್ಟು ವಿದ್ಯೆ ಇರುವವನಿಗೆ ಒಂದು ಹಳೆಯ ಮೋಟಾರ್ ಸೈಕಲ್ ಯಾವ ಲೆಕ್ಕ?

ಗಾಡಿ ಬೇಕಾಗಿದ್ದು ನನ್ನ ಶೋಕಿಗಲ್ಲ. ಶೆಟ್ಟಿಕೆರೆಯಲ್ಲಿ ನಮ್ಮತ್ತೆ ಜಾರಿ ಬಿದ್ದು, ಸೊಂಟಕ್ಕೆ ಪೆಟ್ಟು ಮಾಡಿಕೊಂಡು ಮಲಗಿದ್ದರು. ಭಾನುವಾರ ನನ್ನ ಹೆಂಡತಿ ಗಿರಿಜೆಯನ್ನು ಕರೆದುಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದೆ. ಅವಳು ತಾಯಿಯ ಕೈ ಹಿಡಿದು ಕೂರುವಷ್ಟರಲ್ಲಿ ವಾಪಸ್ ಬರುವ ಕಡೇ ಬಸ್ಸಿನ ಹೊತ್ತಾಗುತ್ತಿತ್ತು. ಕೂತಷ್ಟು ಹೊತ್ತೂ ಬಾಗಿಲ ಕಡೆಗೇ ಅವಳ ಕಣ್ಣು. ಬರುವಾಗ ಬಸ್ಸಿನಲ್ಲಿ ಸೆರಗನ್ನು ಕಣ್ಣಿಗೊತ್ತಿಕೊಳ್ಳುವಳು. ಅದನ್ನು ನೋಡಲಾರದೆ ನಾನು ಕಿಟಕಿಯಾಚೆ ತೆಂಗಿನ ತೋಟಗಳನ್ನು ನೋಡುತ್ತಿದ್ದೆ. ನಮ್ಮದೇ ಗಾಡಿಯಿದ್ದರೆ ಸಂಜೆ ಪೂರ್ತಿ ಅವಳನ್ನು ತಾಯಿಯ ಹತ್ತಿರ ಬಿಡಬಹುದಲ್ಲ!

ಚಿಕ್ಕನಾಯಕನಹಳ್ಳಿಯ ನಿವೃತ್ತ ಮೇಷ್ಟ್ರೊಬ್ಬರು ಗಾಡಿ ಮಾರುತ್ತಾರೆಂದು ತಿಳಿಯಿತು. ಹೊರಟು ನಿಂತಾಗ ಗಿರಿಜೆ ಎಚ್ಚರಿಸಿದಳು.

"ರೀ, ಯಾವಾಗ ಚೆಕ್ ಮಾಡ್ಸವ್ರೆ, ಏನೇನು ರಿಪೇರಿ ಆಗೈತೆ, ಎಲ್ಲಾ ವಿಚಾರಿಸ್ರೀ. ಒಬ್ಬ ಮೆಕ್ಯಾನಿಕ್‌ನ ಜೊತೇಲಿ ಕರ್ಕೊಂಡೋಗಿ."

"ಈ ಕಿವಿ ಇರೋವಾಗ ಮೆಕ್ಯಾನಿಕ್ ಯಾಕೆ ಕಣೇ?"

ಮೇಷ್ಟ್ರು ಸತ್ಯವಂತರು. ನನಗೆ ಅವರ ಮೇಲೆ ಈಗಲೂ ಸಿಟ್ಟಿರುವುದು ಅದಕ್ಕೇ!

"ಗಾಡಿ ಕಡೇ ಸಲ ಚೆಕ್ ಮಾಡ್ಸಿದ್ದು ಯಾವಾಗ ಮೇಷ್ಟ್ರೇ?" ಎಂದು ಗಂಭೀರವಾಗಿ ವಿಚಾರಣೆ ಆರಂಭಿಸಿದೆ.

"ಸುಳ್ಳು ಯಾಕೆ ಹೇಳ್ಲಿ ಸಾವ್ಕಾರ್ರೇ, ವರ್ಷದ ಮೇಲಾಯ್ತು, ಕೊಟ್ಟಿಗೇಲೇ ಬಿದ್ದೈತೆ. ಯಾರೂ ಕೈ ಇಟ್ಟಿಲ್ಲ."

ವರ್ಷದ ಮೇಲೆ! ನೆರಳಲ್ಲಿ! ಯಾರೂ ಮುಟ್ಟದೆ! ಒಳ್ಳೆಯ ಕೊಬ್ಬರಿಗೆ ಇನ್ನೇನು ಬೇಕು? ನನ್ನ ಮನಸ್ಸು ಹಿಗ್ಗಿತು. ಹ್ಯಾಂಡಲ್ ಹಿಡಿದು ಗಾಡಿಯನ್ನು ಬಲವಾಗಿ ಅಲ್ಲಾಡಿಸಿ, ಬಗ್ಗಿ ಎಂಜಿನ್ನಿಗೆ ಕಿವಿಗೊಟ್ಟೆ. ಲೊಡಲೊಡ!

"ಆ ಸದ್ದಿನ ವಿಷ್ಯಾನೇ ಹೇಳ್ಬೇಕು ಅಂತಿದ್ದೆ..." ಎಂದು ಮೇಷ್ಟ್ರು ಬಾಯಿ ತೆರೆದರು.

"ಏನೂ ಹೇಳ್ಬೇಡಿ. ನನಗೆಲ್ಲಾ ಗೊತ್ತಾಯ್ತು ಬುಡಿ!" ಎಂದು ಅಲ್ಲೇ ವ್ಯಾಪಾರ ಮುಗಿಸಿದೆ.

ಭಾನುವಾರ ಮಧ್ಯಾಹ್ನ ಗಿರಿಜೆ ರೇಷ್ಮೆ ಸೀರೆಯುಟ್ಟು, ಅಮ್ಮನಿಗೆಂದು ಮಾಡಿದ ತಂಬಿಟ್ಟಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಳು. ಊರು ದಾಟುವವರೆಗೆ ನಾನೇ ಮಹಾರಾಜ. ಶೆಟ್ಟಿಕೆರೆ ಇನ್ನೂ ದೂರವಿರುವಾಗ ಲೊಡಲೊಡ ನಿಂತಿತು.

"ನೋಡಿದ್ಯಾ, ಸದ್ದು ಹೋಯ್ತು! ಓಡ್ತಾ ಓಡ್ತಾ ಸರಿಹೋಯ್ತು!"

"ಸದ್ದೊಂದೇ ಅಲ್ಲ ಕಣ್ರೀ, ಗಾಡೀನೂ ನಿಂತೋಗೈತೆ."

ಒದ್ದೆ. ಬೇಡಿಕೊಂಡೆ. ಕೊನೆಗೆ ಅಭ್ಯಾಸಬಲದಿಂದ ಅಲ್ಲಾಡಿಸಿದೆ. ಕೆಳಗಿನಿಂದ ಕಬ್ಬಿಣದ ಚೂರೊಂದು ಟಣ್ಣನೆ ರಸ್ತೆಗೆ ಬಿತ್ತು.

ನಾನು ಹ್ಯಾಂಡಲ್ ಹಿಡಿದು ಎಳೆಯುವುದು, ಗಿರಿಜೆ ಹಿಂದಿನಿಂದ ತಳ್ಳುವುದು. ನಾವು ಯಾವಾಗಲೂ ಹೋಗುತ್ತಿದ್ದ ಬಸ್ಸು ಹಾರನ್ ಹೊಡೆದು, ನಮ್ಮಿಬ್ಬರಿಗೂ ಧೂಳಿನ ಅಭಿಷೇಕ ಮಾಡಿ ಮುಂದೆ ಹೋಯಿತು.

"ಇವತ್ತಾದ್ರೂ ಅಮ್ಮನ ಜೊತೆ ನೆಮ್ಮದಿಯಾಗಿ ಕೂರ್ಬೋದು ಅಂದ್ಕೊಂಡಿದ್ದೆ," ಎಂದಳು ಗಿರಿಜೆ, ಮೆಲ್ಲಗೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅತ್ತೆಯ ಮನೆ ಮುಟ್ಟುವ ಹೊತ್ತಿಗೆ ದೀಪ ಹಚ್ಚಿದ್ದರು. ಕಡೇ ಬಸ್ಸು ಹೋಗಿಯಾಗಿತ್ತು. ಗಿರಿಜೆ ತಾಯಿಯ ಮಂಚದ ಮೇಲೆ ಕೂತವಳು ಎಂದಿನಂತೆ ಬಾಗಿಲ ಕಡೆ ನೋಡಿದಳು. ಆಮೇಲೆ ನೆನಪಾಯಿತೇನೋ, ಹೊರಡೋಣವೆಂದರೆ ಬಸ್ಸೂ ಇಲ್ಲ, ಗಾಡಿಯೂ ಇಲ್ಲ! ಬಾಗಿಲಿಗೆ ಬೆನ್ನು ಮಾಡಿ, ಕಾಲು ಮಡಚಿ ಆರಾಮವಾಗಿ ಕೂತು, ಡಬ್ಬಿ ತೆರೆದು, ನನ್ನ ಗಾಡಿ ಪರೀಕ್ಷೆಯ ಕಥೆಯನ್ನು ಒಂದಕ್ಷರ ಬಿಡದೆ ಹೇಳತೊಡಗಿದಳು.

"ಅಯ್ಯೋ, ನಗಿಸ್ಬೇಡ ಕಣೇ, ಸೊಂಟ ನೋಯ್ತೈತೆ!" ಎನ್ನುತ್ತಲೇ ಅತ್ತೆ ನಕ್ಕರು. ಬಿದ್ದ ಮೇಲೆ ಅವರು ನಕ್ಕಿದ್ದನ್ನು ನಾವು ನೋಡಿದ್ದು ಅದೇ ಮೊದಲು. ತಾಯಿ ಮಗಳ ಮಾತು ಅವತ್ತು ಅರ್ಧಕ್ಕೆ ನಿಲ್ಲಲಿಲ್ಲ.

ಬೆಳಿಗ್ಗೆ ಬಸ್ಸಿಗೆ ಹೊರಡುವಾಗ, "ಗಾಡಿ ಏನ್ಮಾಡೋದು ಅತ್ತೇ?" ಎಂದು ಸಂಕೋಚದಿಂದ ಕೇಳಿದೆ.

"ಇಲ್ಲೇ ಬುಡಿ ಅಳಿಯಂದ್ರೇ. ಇನ್ನೊಂದು ವರ್ಷ ಅಟ್ಟದ ಮೇಲಿರ್ಲಿ. ಸರಿಯಾಗಿ ಒಣಗಿಲ್ಲ!"

ಗಿರಿಜೆ ತಿಪಟೂರಿನವರೆಗೂ ಸೆರಗು ಬಾಯಿಗೊತ್ತಿಕೊಂಡು ನಗುತ್ತಲೇ ಬಂದಳು. ನಾನು ಕಿಟಕಿಯಾಚೆ ತೆಂಗಿನ ತೋಟಗಳನ್ನು ನೋಡುತ್ತಾ ಬಂದೆ.