ನಮ್ಮ ದಳದ ಸ್ಟ್ರೆಚರ್ ಹತ್ತಿದವರು

ಸ್ಕೌಟ್ ಮಾಸ್ತರನ ಕೊರಳಿಗೆ ಸ್ಕಾರ್ಫ್ ಬಿತ್ತೆಂದರೆ ಅದರ ಹಿಂದೆಯೇ ಒಂದಿಲ್ಲೊಂದು ಫಜೀತಿ ಹೊರಟು ಬರುತ್ತದೆ. ನಾನು ಹಾನಗಲ್ಲ, ಶಿಗ್ಗಾಂವ, ಹಿರೇಕೆರೂರು ಮೂರೂ ಕಡೆ ಮಾಸ್ತರಿಕೆ ಮಾಡಿದೆ. ಎಲ್ಲಿ ಹೋದರೂ ಸ್ಕಾರ್ಫ್ ಬಿಡಲಿಲ್ಲ, ಫಜೀತಿಯೂ ಬಿಡಲಿಲ್ಲ. ಆದರೆ ಹಾನಗಲ್ಲಿನಲ್ಲಿ ಕಾಲರಾ ಬಂದ ವರ್ಷದ ಸಂಗತಿ ಹೇಳಿದರೆ ಜನ ಮೊದಲು ನಗುತ್ತಾರೆ, ಆಮೇಲೆ ನಕ್ಕದ್ದು ತಪ್ಪಾಯಿತೋ ಏನೋ ಅಂತ ನನ್ನ ಮುಖ ನೋಡುತ್ತಾರೆ. ನಾವು ಮುಂಬಯಿ ಸರಕಾರ ಬಿಟ್ಟು ಮೈಸೂರು ಸರಕಾರಕ್ಕೆ ಸೇರಿದ ಹೊಸತು ಅದು.

೧. ಬಲಗೈ

ಹಂಸಭಾವಿಯಲ್ಲಿ ಹತ್ತು ದಿನದ ಶಿಬಿರ ಮುಗಿಸಿ ಬಂದ ಹುರುಪಿನಲ್ಲಿ ನಾನು ಹದಿನಾರು ಹುಡುಗರನ್ನು ಕೂಡಿಸಿ ದಳ ಕಟ್ಟಿದೆ. ಎರಡು ಬಿದಿರು ಕೋಲು, ನಡುವೆ ಹೊಲಿದ ಗೋಣಿತಟ್ಟು. ಇದು ನಮ್ಮ ಸ್ಟ್ರೆಚರ್. ಜನವರಿ ಇಪ್ಪತ್ತಾರಕ್ಕೆ ಮಾಮಲೇದಾರರ ಮುಂದೆ ಪ್ರಥಮ ಚಿಕಿತ್ಸೆಯ ಪ್ರದರ್ಶನ ಇಟ್ಟೆವು. ದಳದಲ್ಲೆಲ್ಲ ಹಗುರಾಗಿದ್ದ ಒಬ್ಬ ಹುಡುಗ ಬೇವಿನ ಗಿಡದಿಂದ ಬಿದ್ದು ಬಲಗೈ ಮುರಿದವನಂತೆ ಮಾಡಬೇಕು, ಉಳಿದವರು ಪಟ್ಟಿ ಕಟ್ಟಿ ಅವನನ್ನು ಹೊತ್ತೊಯ್ಯಬೇಕು. ಒಂದು ತಿಂಗಳು ಇದನ್ನೇ ಕಲಿಸಿದ್ದೆ.

ಗಿಡ ಹತ್ತಿದ ಹುಡುಗ ಖರೇನೇ ಜಾರಿ ಬಿದ್ದ. ಎಡಗೈ ಸೊಟ್ಟಗಾಗಿ ನೋಡುನೋಡುತ್ತಲೇ ಬಾತುಕೊಂಡಿತು. ಅವನು ಅವ್ವನನ್ನು ಕರೆದು ಅಳತೊಡಗಿದ. ಜನ ಚಪ್ಪಾಳೆ ತಟ್ಟಿದರು. ಮಾಮಲೇದಾರರು ಹೆಡ್‌ಮಾಸ್ತರ ಕಡೆ ಬಾಗಿ, "ಹುಡುಗ ಪಾರ್ಟ್ ಛಲೋ ಮಾಡ್ತಾನ್ರಿ" ಎಂದರು.

ನಾನು ಓಡಿಹೋಗಿ ನೋಡಿದರೆ ಇಬ್ಬರು ಸ್ಕೌಟುಗಳು ಅವನ ಬಲಗೈಗೆ ನೀಟಾಗಿ ಪಟ್ಟಿ ಸುತ್ತುತ್ತಿದ್ದರು.

"ಮುರದದ್ದು ಎಡಗೈ ಅಲ್ಲೇನೋ?" ಎಂದೆ.

ಅವರಲ್ಲೊಬ್ಬ ತಲೆ ಎತ್ತದೆ ಗಂಟು ಬಿಗಿಯುತ್ತ ಹೇಳಿದ: "ಗೊತ್ತೈತ್ರಿ ಸರ್. ಆದ್ರ ನೀವು ಕಲಿಸಿದ್ದು ಬಲಗೈದು."

೨. ಪುಡಿ

ಜೂನ್ ತಿಂಗಳ ಮೊದಲ ಮಳೆಯ ಹಿಂದೆಯೇ ತಿಳವಳ್ಳಿ ರಸ್ತೆಯ ಹಳ್ಳಿಗಳಿಂದ ಕಾಲರಾ ಸುದ್ದಿ ಬಂತು. ಸರಕಾರಿ ದವಾಖಾನೆಯ ಡಾಕ್ಟರು ಬಾವಿಗೆ ಹಾಕುವ ಬಿಳಿ ಪುಡಿಯ ಡಬ್ಬಿಗಳನ್ನು ಕೊಟ್ಟು ನಮ್ಮನ್ನು ಒಂದು ಹಳ್ಳಿಗೆ ಕಳಿಸಿದರು. ನನ್ನ ಜೊತೆ ದಳನಾಯಕ ಇದ್ದ. ಅವನು ಸವಣೂರಿನವನು. ಅವನ ಅಪ್ಪ ಅಲ್ಲಿ ವೀಳ್ಯದೆಲೆ ವ್ಯಾಪಾರಿ. ಇವನು ಹಾನಗಲ್ಲಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಎರಡನೆಯ ಸಲ ಮ್ಯಾಟ್ರಿಕ್‌ಗೆ ಓದುತ್ತಿದ್ದ. ಉದ್ದನ್ನ ಆಳು, ಮುಂದೆ ಬಿದ್ದು ಕೆಲಸ ಮಾಡುವವನು.

ಬಾವಿಕಟ್ಟೆಯ ಮೇಲೆ ಒಬ್ಬ ಮುದುಕಿ ಕುಂತಿದ್ದಳು. ಡಬ್ಬಿ ಮುಚ್ಚಳ ತೆಗೆದು ಮೂಸಿ ನೋಡಿದಳು.

"ಇದನ್ನ ನಾವು ಕುಡೀಬೇಕು?"

"ಕುಡಿದ್ರ ಬ್ಯಾನಿ ಬರೂದಿಲ್ಲವ್ವಾ" ಎಂದೆ.

"ಹಂಗಾರ ಮೊದ್ಲ ನೀವು ಕುಡೀರಿ."

ನಾನು ಏನಾದರೂ ಹೇಳುವಷ್ಟರಲ್ಲಿ ದಳನಾಯಕ ಒಂದು ತಂಬಿಗೆ ನೀರಿಗೆ ಪುಡಿ ಕಲಸಿಬಿಟ್ಟ. ಒಂದು ಕೊಡಕ್ಕೆ ಒಂದು ಚಿಟಿಕೆ ಅಂತ ಡಾಕ್ಟರು ಹೇಳಿದ್ದು ಅವನ ಹುರುಪಿನಲ್ಲಿ ಮರೆತೇ ಹೋಗಿತ್ತು. ಎರಡು ಗುಟುಕು ಕುಡಿದ, ಮೂರನೆಯದಕ್ಕೆ ಅಲ್ಲೇ ಕಟ್ಟೆ ಕೆಳಗೆ ಕುಂತು ಗಳಗಳ ಕಾರಿಕೊಂಡ.

ಮುದುಕಿ ಸೆರಗು ಸರಿಮಾಡಿಕೊಂಡು ಎದ್ದಳು. "ನೋಡ್ರಪಾ" ಎಂದಳು ಸುತ್ತ ನಿಂತವರಿಗೆ, "ಆರಾಮ ಬಂದಾಂವಗ ಬ್ಯಾನಿ ಹತ್ತಿತು." ಹತ್ತು ನಿಮಿಷದಲ್ಲಿ ನಾವು ಊರ ಹೊರಗಿದ್ದೆವು.

ನಾಲ್ಕನೆಯ ದಿನ ಆ ಮುದುಕಿ ಅಷ್ಟು ದೂರ ನಡೆದುಕೊಂಡು ದವಾಖಾನೆಗೆ ಬಂದಳು. ಅವಳ ಸೊಸೆ ತೀರಿಕೊಂಡಿದ್ದಳು. ಮೊಮ್ಮಗಳಿಗೆ ಶುರುವಾಗಿತ್ತು. ಅವಳು ಕೇಳಿದ್ದು ಒಂದೇ: "ಆ ಉದ್ದನ್ನ ಹುಡುಗ ಅದಾನೋ, ಹೋದನೋ?"

ಅವನು ಅಲ್ಲೇ ಬಾಗಿಲ ಮುಂದಿನ ಪಾವಟಿಗೆಯ ಮೇಲೆ ಕುಂತು ಪಟ್ಟಿಗಳನ್ನು ಸುತ್ತಿಡುತ್ತಿದ್ದ. ಮುದುಕಿ ಅವನ ಹತ್ತಿರ ಹೋಗಿ, ಗದ್ದ ಹಿಡಿದು, ಮುಖ ಆ ಕಡೆ ಈ ಕಡೆ ಹೊರಳಿಸಿ ನೋಡಿದಳು.

"ಅದಾನ. ಹಂಗಾರ ಪುಡಿ ಖರೇದ ಐತಿ. ಬರ್ರಿ, ಹಾಕ್ರಿ" ಎಂದಳು. ಹೊರಟವಳು ತಿರುಗಿ, "ಇವಂಗ ಮಾತ್ರ ಕುಡಿಯಾಕ ಕೊಡಬ್ಯಾಡ್ರಿ" ಎಂದಳು.

೩. ನಡೆದು ಬಂದ ಟೇಲರ್

ಊರ ಹೊರಗೆ ಬಿದಿರು ತಟ್ಟಿಯ ಶೆಡ್ಡು ಕಟ್ಟಿ, ಮೇಲೆ ತಗಡು ಹೊದಿಸಿ ರೋಗಿಗಳನ್ನು ಇಟ್ಟಿದ್ದರು. ಅದಕ್ಕೆ ಎಲ್ಲರೂ ತಟ್ಟಿ ಅಂತಲೇ ಅನ್ನುತ್ತಿದ್ದರು. ಚಕ್ಕಡಿಯವರು ಯಾರೂ ರೋಗಿಗಳನ್ನು ಹತ್ತಿಸಿಕೊಳ್ಳಲಿಲ್ಲ. ಹೊರುವ ಕೆಲಸ ನಮ್ಮ ದಳಕ್ಕೆ ಬಂತು. ದೊಡ್ಡ ಹುಡುಗರನ್ನಷ್ಟೇ ಕರೆದುಕೊಂಡು ಹೋಗುತ್ತಿದ್ದೆ. ಮೊದಲು ಹೊತ್ತದ್ದು ಒಬ್ಬ ಕಮ್ಮಾರನನ್ನು. ಅವನು ಮರುದಿನ ಹೋದ. ಎರಡನೆಯವಳು ಆ ಬ್ಯಾಸಿಗೆಯಲ್ಲಿ ಮದುವೆಯಾಗಿ ಬಂದ ಹುಡುಗಿ. ಅವಳ ಕೈ ಜೋತುಬಿದ್ದು, ಹಸಿರು ಬಳೆ ಬಿದಿರಿಗೆ ಬಡಿದು ಸಪ್ಪಳವಾಗುತ್ತಿತ್ತು. ತಟ್ಟಿ ಮುಟ್ಟುವ ಮುಂಚೆ ಡಾಕ್ಟರು ಮಾಡುವಂಥದ್ದೇನೂ ಉಳಿಯಲಿಲ್ಲ. ಆ ಹೊತ್ತು ಹುಡುಗರು ಯಾರೂ ಉಣ್ಣಲಿಲ್ಲ.

ಮಾಸ್ತರ ಸ್ಟ್ರೆಚರ್ ಹತ್ತಿದವರು ತಿರುಗಿ ಬರುವುದಿಲ್ಲ ಅಂತ ಊರೆಲ್ಲ ಮಾತಾಯಿತು. ನಾವು ಓಣಿ ಹೊಕ್ಕರೆ ಸಾಲಾಗಿ ಕದ ಹಾಕುತ್ತಿದ್ದರು.

ಅಂಥದ್ದರಲ್ಲಿ ಪೇಟೆಯ ಟೇಲರ್‌ಗೆ ಬೆಳಗಿನಿಂದ ವಾಂತಿ ಅಂತ ಅವನ ತಮ್ಮ ಕರೆಯಲು ಬಂದ. ನಾವು ಅಂಗಳಕ್ಕೆ ಕಾಲಿಟ್ಟೆವು. ಕಂಬಳಿ ಹೊದ್ದು ನರಳುತ್ತಿದ್ದ ಟೇಲರ್ ಕಣ್ಣು ಬಿಟ್ಟು ನಮ್ಮನ್ನು ನೋಡಿದ, ಸ್ಟ್ರೆಚರ್ ನೋಡಿದ, ಗೋಡೆ ಹಿಡಿದು ಎದ್ದು ನಿಂತ.

"ನಾ ನಡಕೋತ ಬರ್ತೇನ್ರಿ."

"ಬ್ಯಾಡ್ರಿ, ಮೈಲು ದೂರ ಐತಿ, ನಾವು ಹೊರತೇವಿ."

"ಬರ್ತೇನಿ ಅಂದ್ನೆಲ್ಲರಿ" ಎಂದವನು ಚಪ್ಪಲಿ ಕೂಡ ಮೆಟ್ಟದೆ ಹೊರಟ. ನಾವು ಖಾಲಿ ಸ್ಟ್ರೆಚರ್ ಹೊತ್ತು ಹಿಂದೆ. ಅವನು ನಡುನಡುವೆ ಹೊರಳಿ ನೋಡುವನು, ನಾವು ಹತ್ತಿರಾದೆವು ಅನ್ನಿಸಿದರೆ ಜೋರು ಹೆಜ್ಜೆ ಹಾಕುವನು. ಡಾಕ್ಟರು ಬಾಗಿಲಲ್ಲಿ ನಿಂತು, ಅವನನ್ನು ದಾಟಿ ನಮ್ಮನ್ನು ನೋಡಿ, "ರೋಗಿ ಎಲ್ಲಿ?" ಎಂದರು. ಟೇಲರ್ ಅವರ ಕಾಲ ಬುಡದಲ್ಲೇ ಕುಸಿದ.

ಎಂಟು ದಿನಕ್ಕೆ ಅವನು ಬಿಡುಗಡೆಯಾಗಿ ಅಂಗಡಿ ತೆರೆದ. ಡಾಕ್ಟರು ನನ್ನನ್ನು ಕರೆದು, "ಮಾಸ್ತರ್, ಇನ್ನ ಎಲ್ಲಾರಿಗೂ ಮೊದ್ಲ ಸ್ಟ್ರೆಚರ್ ತೋರಸ್ರಿ" ಎಂದರು. "ಅದಕ್ಕ ಏಳದಿದ್ದವ್ರನ್ನ ಅಷ್ಟ ಹೊರ್ರಿ."

೪. ಪ್ರಶಸ್ತಿಪತ್ರ

ಇದು ಬ್ಯಾನಿ ಇಳಿದ ಮೇಲಿನ ಮಾತು, ಆದರೂ ಈಗಲೇ ಹೇಳಿಬಿಡುತ್ತೇನೆ. ನಮ್ಮ ದಳಕ್ಕೆ ಪ್ರಶಸ್ತಿಪತ್ರ ಕೊಡಲು ಧಾರವಾಡದಿಂದ ಒಬ್ಬ ಸಾಹೇಬರು ಬಂದರು. ಹೆಡ್‌ಮಾಸ್ತರು "ಅನೇಕ ಪ್ರಾಣಗಳನ್ನು ಉಳಿಸಿದ ಧೀರರು" ಅಂತ ಭಾಷಣ ಬರೆದು ಓದಿದರು. ಹುಡುಗರು ಸಾಲಾಗಿ ನಿಂತಿದ್ದರು. ಸಾಲಿನ ಮೊದಲಿಗೆ ದಳನಾಯಕನ ಜಾಗ ಖಾಲಿ ಬಿಟ್ಟಿದ್ದರು.

ಸಾಹೇಬರು ಅದರ ಪಕ್ಕದ ಹುಡುಗನ ಭುಜ ತಟ್ಟಿ, "ಎಷ್ಟು ಮಂದಿನ್ನ ಹೊತ್ರಿ?" ಎಂದರು.

"ಹನ್ನೊಂದು ಮಂದಿನ್ರಿ."

"ಎಷ್ಟು ಮಂದಿ ಉಳದ್ರು?"

"ಐದು ಮಂದಿ ರೀ."

ಹೆಡ್‌ಮಾಸ್ತರು ಕೆಮ್ಮಿದರು. ಸ್ಕೌಟ್ ಆದವನು ಸುಳ್ಳು ಹೇಳಬಾರದು ಅಂತ ನಾನೇ ಕಲಿಸಿದ್ದೆ. ಹುಡುಗ ಮುಂದುವರಿಸಿದ: "ಅದ್ರಾಗ ಇಬ್ಬರನ್ನ ಹೊತ್ತಿಲ್ರಿ. ನಮ್ಮನ್ನ ನೋಡಿ ಹೆದರಿ ತಾವ ಎದ್ದು ನಡದ್ರು. ಅವ್ರನ್ನ ಲೆಕ್ಕಕ್ಕ ಹಿಡೀಬೇಕೋ ಬ್ಯಾಡೋ ಗೊತ್ತಿಲ್ರಿ."

"ಹಿಡೀರಿ" ಎಂದರು ಸಾಹೇಬರು. "ಹೆದರಿಸಿ ಉಳಿಸಿದ್ದೂ ಸೇವಾನ."

೫. ಹುಕುಂ

ದಳನಾಯಕ ಬದುಕಿದ. ಇದನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ಹೇಳದಿದ್ದರೆ ಮುಂದಿನದರಲ್ಲಿ ನಗುವಂಥದ್ದು ಏನೂ ಇಲ್ಲ. ಪ್ರಶಸ್ತಿಯ ದಿನ ಅವನು ಸವಣೂರಿನಲ್ಲಿ ಅವ್ವನ ಕೈಯ ಗಂಜಿ ಕುಡಿಯುತ್ತ ಮಲಗಿದ್ದ.

ನಾವು ಕೊನೆಗೆ ಹೊತ್ತದ್ದು ಅವನನ್ನೇ. ಒಂದು ಮುಂಜಾನೆ ಅವನ ಚಿಕ್ಕಮ್ಮ ಶಾಲೆಯ ಬಾಗಿಲಿಗೆ ಬಂದು, ರಾತ್ರಿಯಿಂದ ಅವನಿಗೂ ವಾಂತಿ ಅಂದಳು. ನಾಲ್ವರನ್ನು ಕರೆದುಕೊಂಡು ಓಡಿದೆ. ಒಂದೇ ರಾತ್ರಿಗೆ ಕಣ್ಣು ಗುಳಿ ಬಿದ್ದು, ಗಲ್ಲ ಇಂಗಿಹೋಗಿ, ಅವನ ಗುರುತೇ ಸಿಗಲಿಲ್ಲ. ಹುಡುಗರು ಸ್ಟ್ರೆಚರ್ ಹಿಡಿದು ನಿಂತವರು ನಿಂತೇ ಇದ್ದರು. ಅದನ್ನು ಕೆಳಗಿಡಲು ಯಾರಿಗೂ ಮನಸ್ಸಾಗಲಿಲ್ಲ. ಒಬ್ಬ ಅಳುತ್ತಿದ್ದ.

"ಕೆಳಗಿಡ್ರಿ" ಎಂದ ಅವನು ಹಾಸಿಗೆಯಿಂದಲೇ. "ಕಲತದ್ದು ಮರತ್ರೇನು?"

ಇಟ್ಟರು. "ಎತ್ರಿ" ಎಂದ. ಎತ್ತಿದರು. "ಎಡಗಾಲು ಮುಂದ." ನಡೆದರು. ಇಷ್ಟು ದಿನ ಹೊರುವಾಗಲೆಲ್ಲ ಮುಂದೆ ನಿಂತು ಹುಕುಂ ಕೊಡುತ್ತಿದ್ದವನು ಅವನೇ. ಇವತ್ತು ಮಲಗಿಕೊಂಡು ಕೊಟ್ಟ. ಕೆಸರು ಬಂದರೆ "ಸಾವಕಾಶ", ತಗ್ಗು ಬಂದರೆ "ಹಿಂದಿನವ್ರು ಎತ್ರಿ". ಮಳೆ ಹನಿಯುತ್ತಿತ್ತು. ನಾನು ಅವನ ಮುಖಕ್ಕೆ ಕೊಡೆ ಹಿಡಿದು ನಡೆಯುತ್ತಿದ್ದೆ. ದನಿ ಸಣ್ಣಗಾಗುತ್ತ ಹೋಯಿತು. ರಸ್ತೆ ಎರಡಾಗಿ ಒಡೆಯುವಲ್ಲಿ, ಒಂದು ತಟ್ಟಿಯ ಕಡೆ, ಇನ್ನೊಂದು ಖಬರಸ್ತಾನದ ಕಡೆ, ದನಿ ನಿಂತಿತು.

ನಾಲ್ವರೂ ನಿಂತರು. ಯಾರೂ ಕೆಳಗೆ ನೋಡಲಿಲ್ಲ. ನಾಡಿ ಹಿಡಿಯುವುದನ್ನು ಅವರಿಗೆ ಕಲಿಸಿದವನು ನಾನು. ಅವನ ಕೈ ಮುಟ್ಟಲು ನನಗೇ ಧೈರ್ಯ ಬರಲಿಲ್ಲ. ಅವನ ಅಪ್ಪ ಸವಣೂರ ಬಸ್ಸಿಗೆ ಬಂದು ಇಳಿದರೆ ಯಾವ ಬಾಯಿಂದ ಹೇಳಲಿ ಅಂತ ಒಂದೇ ಚಿಂತೆ. ಎಷ್ಟು ಹೊತ್ತು ಹಾಗೆ ಮಳೆಯಲ್ಲಿ ನಿಂತಿದ್ದೆವೋ ತಿಳಿಯದು.

ಸ್ಟ್ರೆಚರ್ ಮೇಲೆ ಒಂದು ಕಣ್ಣು ತೆರೆಯಿತು.

"ಯಾಕ ನಿಂತ್ರಿ?"

ಮುಂದಿನ ಹುಡುಗ, "ನೀ ಹುಕುಂ ಕೊಡಲಿಲ್ಲ" ಎಂದ.

ದಳನಾಯಕ ಉಸಿರು ಕೂಡಿಸಿಕೊಂಡು, ಒಂದೊಂದೇ ಮಾತು ಆಡಿದ: "ಮತ್ತ ನಾ ಸತ್ತರ, ಇಲ್ಲೇ ನಿಂತಿರ್ತಿದ್ರೇನು?"