ಅತ್ತೆ ಎರಡೂ ಕೈ ಎತ್ತಿದಾಗ

ನಮ್ಮ ಸೋದರತ್ತೆಗೆ ಜಗತ್ತಿನಲ್ಲಿ ಎಲ್ಲರ ಮೇಲೂ ನಂಬಿಕೆ, ನೀರೊಂದನ್ನು ಬಿಟ್ಟು. ಕಂಪ್ಲಿ ಕಡೆಯ ಅವಳ ಹೊಲಕ್ಕೆ ಕಾಲುವೆ ನೀರು ಬಂತೆಂದರೆ, ಕಳ್ಳನ ಹಿಂದೆ ಪೊಲೀಸರು ಹೋದಂತೆ ಅದರ ಹಿಂದೆಯೇ ನಡೆಯುತ್ತಾಳೆ. ನೀರನ್ನು ಬೈಯುವವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. "ನಿಧಾನ ಹೋಗಲೇ, ನಿನಗ್ಯಾವ ಬಸ್ಸು ತಪ್ಪತೈತಿ?" ಎಂದು ಸಾಲಿನ ಪಕ್ಕ ಬಗ್ಗಿ ಗದರುತ್ತಾಳೆ.

ಊರವರೆಲ್ಲ ಮೆಕ್ಕೆಜೋಳದ ಗಿಡಗಳ ನಡುವಿನ ಎಲ್ಲ ಸಾಲಿಗೂ ನೀರು ಹಾಯಿಸಿದರೆ, ಇವಳು ಒಂದು ಬಿಟ್ಟು ಒಂದಕ್ಕೆ. ಈ ಸಲ ಒಣಗಿದ್ದ ಸಾಲಿಗೆ ಮುಂದಿನ ಸಲದ ಸರದಿ. ಪಕ್ಕದ ಹೊಲದ ಗೌಡರು ಬದುವಿನ ಮೇಲೆ ನಿಂತು ಕೆಣಕಿದರು: "ಏನವ್ವ, ಅರ್ಧ ಹೊಲಕ್ಕ ಉಪವಾಸ ಹಚ್ಚೀಯೇನು?"

"ನೀವು ಎರಡೂ ಕೈಲಿ ಉಣ್ತೀರೇನ್ರಿ?" ಎಂದಳು ಅತ್ತೆ. "ಗಿಡಕ್ಕ ಎರಡೂ ಕಡಿ ಬೇರೈತಿ. ಒಂದು ಕಡಿಯಿಂದ ಕುಡುದ್ರ ಹೊಟ್ಟಿ ತುಂಬಂಗಿಲ್ಲೇನು?"

ಅಂದಿನಿಂದ ಗೌಡರು ಊಟಕ್ಕೆ ಕೂತಾಗಲೆಲ್ಲ ತಮ್ಮ ಎಡಗೈಯನ್ನೊಮ್ಮೆ ನೋಡಿಕೊಳ್ಳುತ್ತಾರೆಂದು ಸುದ್ದಿ.

ಇನ್ನೊಂದು ಕಾಯಿದೆ ಇದೆ. ನೀರು ಸಾಲಿನ ಮುಕ್ಕಾಲು ಭಾಗ ಮುಟ್ಟುತ್ತಲೇ ಮೇಲೆ ಬಂದ್ ಮಾಡಬೇಕು. ಉಳಿದ ಕಾಲು ಭಾಗಕ್ಕೆ ಸಾಲಿನೊಳಗಿನ ನೀರೇ ಸಾಕು. ಇದರಿಂದ ಹೊಲದ ಕೊನೆಯಲ್ಲಿ ಒಂದು ಚೊಂಬೂ ಪೋಲಾಗುವುದಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಈ ವಿದ್ಯೆಯನ್ನು ಅವಳು ಅಡುಗೆಮನೆಗೂ ತಂದಿದ್ದಾಳಲ್ಲ! ಚಹಾ ಕುದಿಯುವ ಮೊದಲೇ ಗ್ಯಾಸ್ ಆರಿಸಿ, "ಉಳದದ್ದು ತಾನ ಕಾಯ್ತೈತಿ" ಎನ್ನುತ್ತಾಳೆ. ಕುಡಿದವರಿಗೆ ಗೊತ್ತು, ಅದು ತಾನಾಗಿ ಕಾಯುವುದಿಲ್ಲ.

ನಾನು ಹೊಸಪೇಟೆಯಲ್ಲಿ ಬಿ.ಕಾಂ. ಮುಗಿಸಿದವನು. ಸಲಿಕೆ ಹಿಡಿಯಲು ಅಷ್ಟು ಓದು ಸಾಲದೆಂಬುದು ಅತ್ತೆಯ ಅಭಿಪ್ರಾಯ. ಆದರೂ ಕಳೆದ ಭಾನುವಾರ ನನ್ನನ್ನು ಹೊಲದ ಮೇಲ್ತುದಿಯಲ್ಲಿ ನಿಲ್ಲಿಸಿ, ತಾನು ಕೆಳತುದಿಗೆ ಹೊರಟಳು. ಗೌಡರ ಡೀಸೆಲ್ ಎಂಜಿನ್ನಿನ ಗದ್ದಲದಲ್ಲಿ ಕೂಗಿದರೆ ಕೇಳುವುದಿಲ್ಲ, ಅದಕ್ಕೇ ಸನ್ನೆ. ಒಂದು ಕೈ ಎತ್ತಿದರೆ ನೀರು ಬಂದ್. ಎರಡೂ ಕೈ ಎತ್ತಿದರೆ ಮುಂದಿನ ಸರದಿಯ ಸಾಲಿಗೆ ನೀರು.

"ತಪ್ಪಂಗಿಲ್ಲ, ಹೌದಿಲ್ಲ ಅಳಿಯಪ್ಪ?"

"ಡಿಗ್ರಿ ಪಾಸಾಗೀನಿ ಅತ್ತಿ."

"ಅದಕ್ಕ ಕೇಳಿದ್ದು."

ನಾಲ್ಕು ಸಾಲು ಸುಸೂತ್ರವಾಗಿ ಮುಗಿದವು. ಐದನೆಯದಕ್ಕೆ ಅವಳು ಒಂದು ಕೈ ಎತ್ತಿದಳು. ಮಣ್ಣು ಎಳೆದು ನೀರು ನಿಲ್ಲಿಸಿದೆ. ಮುಂದಿನ ಸರದಿಯ ಒಣ ಸಾಲಿನ ಕೊನೆಯಲ್ಲಿ ಅವಳು ನಿಂತಿದ್ದಳು. ಶಭಾಷ್ ಅನ್ನಿಸಿಕೊಳ್ಳೋಣವೆಂದು ಅದೇ ಸಾಲಿಗೆ ಇಳಿದು ಅವಳತ್ತ ಎರಡು ಹೆಜ್ಜೆ ಇಟ್ಟೆ. ಅತ್ತೆ ಎರಡೂ ಕೈ ಎತ್ತಿದಳು. ಎಷ್ಟು ಅವಸರ ಈಕೆಗೆ ಎಂದುಕೊಂಡು ಹಿಂದಿರುಗಿ, ಮಣ್ಣು ತೆಗೆದು ಆ ಸಾಲಿಗೆ ನೀರು ಬಿಟ್ಟೆ.

ಅವಳು ಕೈ ಇಳಿಸಲಿಲ್ಲ. ಆಗ ಕಂಡಿತು. ಸಾಲಿನ ನಡುವೆ, ಮೊಣಕಾಲೆತ್ತರದ ಪೈರಿನ ನೆರಳಿನಲ್ಲಿ ಮಲಗಿದ್ದ ಕೊಳಕುಮಂಡಲ ಹಾವೊಂದು ನೀರು ತಾಗುತ್ತಲೇ ಎದ್ದು, ನೀರಿಗಿಂತ ಮುಂದೆ ಮುಂದೆ, ನೇರ ಅವಳ ಕಡೆಗೆ ಹರಿಯುತ್ತಿತ್ತು.

ನಾಲ್ಕು ದಿನದಿಂದ ಇದನ್ನೇ ಮನಸ್ಸಿನಲ್ಲಿ ಮತ್ತೆ ಮತ್ತೆ ನೋಡುತ್ತಿದ್ದೇನೆ. ಪ್ರತಿ ಸಲವೂ ನನ್ನ ಸಲಿಕೆ ಮಣ್ಣು ತೆಗೆದೇ ತೆಗೆಯುತ್ತದೆ.

ಅತ್ತೆ ಕಂಬದಂತೆ ನಿಂತಳು. ಹಾವು ಅವಳ ಪಾದದ ಮೇಲೆ ಹಾದು, ಬದು ಹತ್ತಿ, ಗೌಡರ ಕಬ್ಬಿನೊಳಗೆ ಹೋಯಿತು. ನಾನು ಪೈರು ತುಳಿದುಕೊಂಡು ಓಡಿದೆ.

"ಓಡಬೇಕಿಲ್ಲ ಅತ್ತಿ? ಕೈ ಯಾಕ ಎತ್ತಿದಿ?"

"ನೀ ಆ ಸಾಲಿಗೆ ಇಳದಿದ್ದೆಲ್ಲೋ. ಅದು ನಡುವ ಮಲಗಿತ್ತು. ಬರಬ್ಯಾಡ ಅಂದೆ."

ನೀರು ಕೆಳತುದಿಗೆ ಬಂತು, ಬದು ಒಡೆದು ದಾರಿಗೆ ಇಳಿಯಿತು. ಅವಳು ಅತ್ತ ತಿರುಗಲಿಲ್ಲ. ಕುಸಿದು ಕೂತು, ನನ್ನ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡಳು. ನೀರು ಮೊಗೆಮೊಗೆದು ಕೆಸರು ತೊಳೆದು, ಬೆರಳು ಬಿಡಿಸಿ, ಹಿಮ್ಮಡಿ ತಿರುಗಿಸಿ ನೋಡತೊಡಗಿದಳು.

"ಹಾವು ಹರದದ್ದು ನಿನ್ನ ಕಾಲಮ್ಯಾಗ, ಅತ್ತಿ."

"ಇನ್ನೊಂದು ಕಾಲು ಕೊಡು" ಎಂದಳು.