ಹೊಟ್ಟಿ ಆಪರೇಷನ್ ಆದ ಮ್ಯಾಲಿನ ಗದ್ದಲ

ವಾರ್ಡಿನಾಗ ದುಡಿಯೋ ನರ್ಸಿಗಿ ನಗೀಗಿ ಬರ ಇಲ್ಲ. ನಕ್ಕರ ಡಾಕ್ಟರ್ ಬೈತಾರ, ನಗದಿದ್ರ ನಮಗೇ ಹುಚ್ಚು ಹಿಡೀತದ.

ನಾ ಶಹಾಬಾದಿನ ದವಾಖಾನ್ಯಾಗ ನರ್ಸ್ ಇದ್ದಾಗಿನ ಮಾತು; ಮಂದಿ ನನಗ 'ಬಾಯಾರ' ಅಂತಿದ್ರು. ದಂಡೋತಿ ಕಡಿ ಒಬ್ಬ ರೈತ ಹೈದರಾಬಾದಿನಾಗ ಮೇದೋಜೀರಕ ಗ್ರಂಥಿ ಆಪರೇಷನ್ ಮಾಡಿಸಿಕೊಂಡು ಬಂದು ನಮ್ಮಲ್ಲಿ ಮಲಗಿದ್ದ. ಹೊಟ್ಟ್ಯಾಗಿಂದ ಒಂದು ನಳಿ, ನಳಿ ತುದಿಗಿ ಬಾಟ್ಲಿ. ಒಳಗ ಸೋರಿದ ನೀರು ಅದರಾಗ ಬೀಳ್ತಿತ್ತು. ನೀರು ಬತ್ತಿ, ರಕ್ತದ ರಿಪೋರ್ಟ್ ಚಲೋ ಬಂದ್ರ ಹೊಲದ ಪೂಜಿ ಮಾಡೋ ಎಳ್ಳಮಾಸಿ ಹಬ್ಬಕ್ಕ ಮನಿಗಿ ಕಳಸ್ತೀನಿ ಅಂತ ಡಾಕ್ಟರ್ ಮಾತು ಕೊಟ್ಟಿದ್ರು. ಹೊಲಾ ನೋಡಾಕ ಅವ ಜೀವಾ ಬಿಡ್ತಿದ್ದ.

೧. ಬಾಟ್ಲಿಗಿ ದೃಷ್ಟಿ

ಒಂದಿನ ಅವರವ್ವ ಗಳಗಳ ಅಳಾಕತ್ತಿದ್ಲು.

"ಏನಾತು ಯವ್ವಾ?"

"ನೋಡ್ರಿ ಬಾಯಾರ, ಮೊನ್ನಿ ಬಾಟ್ಲಿ ತುಂಬತಿತ್ತು, ಇವತ್ತ ತಳಾ ಮುಟ್ಯಾದ. ಬಾಜೂ ಪಲಂಗದವನ ಹೆಂಡ್ತಿ ಕಣ್ಣು ಭಾಳ ಕೆಟ್ಟದ್ರಿ!"

ಎಮ್ಮಿ ಹಾಲು ಬತ್ತಿದಾಗ ಮಾಡೋ ಹಂಗ ಉಪ್ಪು, ಮೆಣಸಿನಕಾಯಿ ಬಾಟ್ಲಿಗಿ ನಿವಾಳಿಸಿ ಇಟ್ಟಿದ್ಲು.

"ಯವ್ವಾ, ಅದು ಬತ್ತಬೇಕು. ಬತ್ತಿದ್ರ ಮಗಾ ಹುಷಾರ್ ಆಗ್ಯಾನಂತ."

ಆಕಿ ಕಣ್ಣೊರಸಿಕೊಂಡ್ಲು. "ಹಂಗಾದ್ರ ಆಕೀಗಿ ದಿನಾ ಬಂದು ನೋಡಾಕ ಹೇಳ್ರಿ!"

೨. ಏರಿದ ಸಕ್ರಿ

ದಿನಾ ಮುಂಜಾನಿ ಲ್ಯಾಬಿನವ ಬಂದು ರಕ್ತ ತೊಗೊಂಡು ಹೋಗ್ತಿದ್ದ. ಒಂದಿನ ರಿಪೋರ್ಟ್‌ನಾಗ ಸಕ್ರಿ ಎಲ್ಲೋ ಏರಿ ಕುಂತಿತ್ತು. ಡಾಕ್ಟರ್ ಮಾರಿ ಸಣ್ಣದಾತು. "ಸಕ್ರಿ ಹಿಡಿತದಾಗ ಇಡೋ ಗ್ರಂಥಿ ಕೈ ಕೊಟ್ಟದ, ಇನ್ಸುಲಿನ್ ಹಾಕು" ಅಂದ್ರು.

ನಾ ಸೂಜಿ ಹಿಡಕೊಂಡು ಹ್ವಾದೆ. ಪೇಶಂಟನ ಆರೈಕಿಗಿ ಬಾಜೂ ಚಾಪಿ ಮ್ಯಾಲ ಕುಂತಿದ್ದ ಅವನ ತಮ್ಮ ಜಿಗದು ನನ್ನ ಕೈ ಹಿಡದ.

"ನಿಂದರ್ರಿ ಬಾಯಾರ! ಆ ರಕ್ತ ನಂದು!"

"ನೀ ಯಾಕ ಕೊಟ್ಟಿಯೋ ಹುಚ್ಚಪ್ಯಾಲಿ?"

"ಚುಚ್ಚಿ ಚುಚ್ಚಿ ಅಣ್ಣನ ಕೈ ನೀಲಿ ಆಗ್ಯಾದ್ರಿ. ಅವನ್ನ ಸಂಡಾಸಿಗಿ ಕಳಿಸಿ, ನಾ ಅವನ ಪಲಂಗದಾಗ ಕೌದಿ ಹೊಚ್ಚಕೊಂಡು ಮಲಗಿದ್ದೆ. ಒಂದೇ ಹೊಟ್ಟ್ಯಾಗ ಹುಟ್ಟೀವಿ, ರಕ್ತ ಬ್ಯಾರೆ ಇರ್ತದೇನ್ರಿ?"

ನಾ ಸೂಜಿ ಹಿಂದಕ್ಕ ಎಳಕೊಂಡೆ. ಇಲ್ಲದ ಸಕ್ರಿಗಿ ಇನ್ಸುಲಿನ್ ಬಿದ್ದಿದ್ರ ಅಣ್ಣಾ ಹೋಗೇ ಬಿಡ್ತಿದ್ದ. ಡಾಕ್ಟರ್ ಬೈದ್ರು ನೋಡ್ರಿ, ಮಲಗಿದ್ದ ಪೇಶಂಟರೆಲ್ಲಾ ಎದ್ದು ಕುಂತ್ರು!

೩. ಚಾಪಿ ಮ್ಯಾಲಿನ ಅಣ್ಣಾ

ಅಣ್ಣನ ರಕ್ತ ಮತ್ತ ತೊಗೊಂಡು ನೋಡಿದ್ರ ಬಂಗಾರದಂಥ ರಿಪೋರ್ಟು. ನಳಿ ತೆಗದು, ಮನಿಗಿ ಹೋಗಪ್ಪಾ ಅಂದ್ರು. ಆದ್ರ ಆ ಏರಿದ ಸಕ್ರಿ ಖರೇನೇ ತಮ್ಮಂದು, ಸಕ್ರಿ ಬ್ಯಾನಿ ಇದ್ದದ್ದು ಅವನಿಗಿ! ಅಣ್ಣನ ಅದೇ ಪಲಂಗದ ಮ್ಯಾಲ ತಮ್ಮನ್ನ ಮಲಗಿಸಿದ್ವಿ.

ಅಣ್ಣಾ ಊರಿಗಿ ಹೋಗಲೇ ಇಲ್ಲ. "ಇವನ್ನ ಬಿಟ್ಟು ಎಂಥಾ ಎಳ್ಳಮಾಸಿರಿ ಬಾಯಾರ?" ಅಂತ ಚಾಪಿ ಮ್ಯಾಲ ಕುಂತ. ನನಗ ಕಣ್ಣಾಗ ನೀರು ಬಂತು.

ಮರುದಿನ ಲ್ಯಾಬಿನವ ಸೂಜಿ ಹಿಡಕೊಂಡು ಬಂದ. ತಮ್ಮ ಕೌದಿ ತಲೀತನಕ ಎಳಕೊಂಡು ಒಳಗಿಂದೇ ಅಂದ:

"ಅಣ್ಣಾ, ಇವತ್ತ ನಿನ್ನ ಪಾಳಿ."

ತಿರುಗಿ ನೋಡಿದ್ರ ಅಣ್ಣಾ ಆಗಲೇ ಅಂಗಿ ತೋಳು ಏರಿಸಿ ಕುಂತಿದ್ದ.